ಪ್ರಯಾಗದ ಅಕ್ಷಯವಟವನ್ನು ಈಗ ನೋಡಬಹುದೇ?

ಶಿರಸಿಯಿಂದ ಕಾಶಿಯಾತ್ರೆಗೆ ಹೊರಟವರು ಪ್ರಯಾಗದ ಅಕ್ಷಯವಟವನ್ನೂ ಕಣ್ಣಾರೆ ನೋಡಬಹುದೇ ಎಂದು ಕೇಳಿದ್ದೀರಿ. ನೋಡಬಹುದು. ಈ ಆಲದ ಮರವು ತ್ರಿವೇಣಿ ಸಂಗಮದ ಪಕ್ಕದಲ್ಲಿ, ಅಕ್ಬರನು 1583ರಲ್ಲಿ ಕಟ್ಟಿಸಿದ ಕೋಟೆಯೊಳಗಿದೆ. ಕೋಟೆಯು ಸೇನೆಯ ವಶದಲ್ಲಿರುವುದರಿಂದ ಸಾಮಾನ್ಯ ಯಾತ್ರಿಕರು ಬಹುಕಾಲ ಪಾತಾಳಪುರಿಯೆಂಬ ನೆಲಮಾಳಿಗೆಯ ಗುಡಿಯಲ್ಲಿ ವಟವೆಂದು ತೋರಿಸುತ್ತಿದ್ದ ಕಾಂಡಕ್ಕೆ ಕೈಮುಗಿದು ಮರಳುತ್ತಿದ್ದರು. 2019ರ ಕುಂಭಮೇಳದ ಹೊತ್ತಿಗೆ ಮರದ ದರ್ಶನವೇ ಎಲ್ಲರಿಗೂ ತೆರೆಯಿತು. ಪರ್ವಸ್ನಾನದ ದಿನಗಳ ಜನಜಂಗುಳಿಯಲ್ಲಿ ಅದನ್ನು ನಿಲ್ಲಿಸುವುದುಂಟು, ಆದ್ದರಿಂದ ಆ ದಿನಗಳನ್ನು ಬಿಟ್ಟು ಹೋಗುವುದು ಲೇಸು.

ಪ್ರಳಯದಲ್ಲೂ ಅಳಿಯದ ಮರವೆಂಬ ನಂಬಿಕೆಯಿಂದ ಅಕ್ಷಯವೆಂಬ ಹೆಸರು ಬಂದಿದೆ. ಆಲದೆಲೆಯ ಮೇಲೆ ಮಲಗಿದ ಬಾಲಮುಕುಂದನನ್ನು ಮಾರ್ಕಂಡೇಯರು ಕಂಡ ಕಥೆಯನ್ನು ಇದಕ್ಕೇ ಹೊಂದಿಸಿ ಹೇಳುತ್ತಾರೆ. ಏಳನೆಯ ಶತಮಾನದಲ್ಲಿ ಬಂದಿದ್ದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನೂ ಇಲ್ಲಿನ ದೇವಾಲಯದೆದುರು ದೊಡ್ಡ ಮರವೊಂದಿದ್ದುದನ್ನು ಬರೆದಿದ್ದಾನೆ. ಈಗಿರುವುದು ಅದೇ ಮರವೇ ಎಂಬ ಚರ್ಚೆ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ: ನಮ್ಮೂರ ರಸ್ತೆಬದಿಯ ಆಲದಲ್ಲಿಯೂ ಹೆಬ್ಬೆರಳು ಗಾತ್ರದ ಬಿಳಲು ನೆಲ ಮುಟ್ಟಿ, ಬೇರೂರಿ, ಕ್ರಮೇಣ ತಾನೇ ಕಾಂಡವಾಗುವುದನ್ನು ನೋಡಿದವರಿಗೆ ಆಲದ ವಯಸ್ಸನ್ನು ಒಂದೇ ಕಾಂಡದಿಂದ ಅಳೆಯಲಾಗದೆಂಬುದು ತಿಳಿದಿರುತ್ತದೆ. ಅಂದಹಾಗೆ, ಹಿರಿಯರು ಪಿಂಡಪ್ರದಾನ ಮುಗಿಸುವ ಅಕ್ಷಯವಟವು ಗಯೆಯಲ್ಲಿರುವ ಬೇರೆ ಮರ.