ಸರ್ಕಾರದ ಅನುದಾನ ಬರುವ ಸಂಸ್ಥೆಗೆ ನಾವು ಬೇರೆ ದುಡ್ಡು ಕೊಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಚಿಂತಾಮಣಿ ಹತ್ತಿರದ ನಿಮ್ಮೂರಲ್ಲಿ ವಿಶೇಷ ಮಕ್ಕಳ ಶಾಲೆ ನಡೆಸುವ ಸಣ್ಣ ಸಂಸ್ಥೆ ಇದೆ. ಸರ್ಕಾರದ ಅನುದಾನ ಮಂಜೂರಾಗಿದೆ. ಆದರೂ ಅವರು "ಆಫೀಸು ಖರ್ಚಿಗೆ ಏನಾದರೂ ಸಹಾಯ ಮಾಡಿ" ಎಂದು ಕೇಳುತ್ತಿದ್ದಾರೆ. ಬೆಂಗಳೂರಲ್ಲಿ ಕೆಲಸ ಮಾಡುವ ನಿಮಗೂ ನಿಮ್ಮ ಗೆಳೆಯರಿಗೂ ಮಕ್ಕಳಿಗೆ ಬ್ಯಾಗು, ಪುಸ್ತಕ ಕೊಡಿಸುವ ಆಸೆ. ಆಫೀಸಿಗೆ ಯಾಕೆ ಕೊಡಬೇಕು ಅನ್ನುವುದು ಅನುಮಾನ.

ಆಫೀಸಿಗೇ ಕೊಡಿ. ಬ್ಯಾಗು ಕೊಡಿಸುವವರು ಆಗಸ್ಟ್ 15ಕ್ಕೆ ಬೇಕಾದಷ್ಟು ಜನ ಸಿಗುತ್ತಾರೆ, ಫೋಟೋಗ್ರಾಫರ್ ಸಮೇತ. ಲೆಕ್ಕ ಬರೆಯುವವರ ಸಂಬಳ ಕೊಡುತ್ತೇನೆ ಅಂತ ಯಾರೂ ಬರುವುದಿಲ್ಲ. ನಾನು ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಕೆಲವು ಸಣ್ಣ ಸಂಸ್ಥೆಗಳ ಲೆಕ್ಕ ಬರೆಯುವವನು. ನನ್ನ ಕಸುಬಿನ ಪರ ವಾದ ಮಾಡುತ್ತಿದ್ದೇನೆ ಅಂತ ಬೇಕಾದರೆ ಅಂದುಕೊಳ್ಳಿ, ಬೇಜಾರಿಲ್ಲ.

ಮಂಜೂರಾತಿ ಆದೇಶ ಕೈಗೆ ಬಂದ ದಿನದಿಂದ ಏನೇನು ಶುರುವಾಗುತ್ತದೆ ನೋಡಿ. ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ನಂಬರ್ ಬೇಕು. ಕೇಂದ್ರದ ಹಣವಾದರೆ ಪಿಎಫ್‌ಎಂಎಸ್‌ನಲ್ಲಿ, ಅಂದರೆ ಸರ್ಕಾರದ ಹಣ ಎಲ್ಲಿಗೆ ಹೋಯಿತು ಅಂತ ನೋಡುವ ಆನ್‌ಲೈನ್ ವ್ಯವಸ್ಥೆಯಲ್ಲಿ, ನೋಂದಣಿ ಆಗಬೇಕು. ಸಮಿತಿಯ ನಡವಳಿ, ಛಾಪಾ ಕಾಗದದ ಮೇಲೆ ಬಾಂಡ್, ಮಕ್ಕಳ ಹಾಜರಾತಿ, ಆಡಿಟ್ ಆದ ಲೆಕ್ಕ, ಕೊನೆಗೆ ಹಣ ಬಳಕೆ ಪ್ರಮಾಣಪತ್ರ. ಈ ಕೊನೆಯದನ್ನು ಎಲ್ಲರೂ ಯುಸಿ ಅನ್ನುತ್ತಾರೆ. ಕೇಂದ್ರದ 2017ರ ಹಣಕಾಸು ನಿಯಮಗಳಲ್ಲಿ ಅದಕ್ಕೆ 12-ಎ ಅಂತ ನಮೂನೆ ಇದೆ. ಹಿಂದಿನ ಹಣದ ಯುಸಿ ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಅನುದಾನ ಬ್ಯಾಂಕಿನಲ್ಲಿದ್ದಾಗ ಬಂದ ಬಡ್ಡಿಯನ್ನೂ ಲೆಕ್ಕ ತೋರಿಸಿ ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಇದೆಲ್ಲ ಸರಿಯೇ, ಸಾರ್ವಜನಿಕರ ದುಡ್ಡು. ಆದರೆ ಇಷ್ಟನ್ನೂ ಮಾಡುವ ಮನುಷ್ಯನಿಗೆ ಸಂಬಳ ಯಾರು ಕೊಡಬೇಕು?

ಒಂದು ಸಣ್ಣ ವಿಷಯ ಹೇಳುತ್ತೇನೆ. ಶಾಲೆಯ ಮಧ್ಯಾಹ್ನದ ಊಟಕ್ಕೆ ಸಂತೆಯಲ್ಲಿ ಸೊಪ್ಪು, ಟೊಮೆಟೊ ತರುತ್ತಾರೆ. ಸೊಪ್ಪು ಮಾರುವ ಅಜ್ಜಿ ಬಿಲ್ ಕೊಡುತ್ತಾಳಾ? ಕೇಳಿದರೆ ತೆಲುಗಿನಲ್ಲಿ ಬೈದು ಕಳಿಸುತ್ತಾಳೆ. ಹಾಗಾಗಿ ಪ್ರತಿ ಸಂತೆಗೂ ಸಂಸ್ಥೆಯೇ ಒಂದು ವೋಚರ್ ಬರೆಯಬೇಕು: ದಿನಾಂಕ, ಏನು ತಂದರು, ಎಷ್ಟು ಕೆಜಿ, ಯಾವ ದರ, ತಂದವರ ಸಹಿ, ಕಾರ್ಯದರ್ಶಿಯ ಸಹಿ. ಅವತ್ತವತ್ತೇ ಬರೆದರೆ ಐದು ನಿಮಿಷದ ಕೆಲಸ. ಮಾರ್ಚ್ ಕೊನೆಯಲ್ಲಿ ಇಡೀ ವರ್ಷದ್ದನ್ನು ಬರೆಯಲು ಕೂತರೆ ಎಲ್ಲ ವೋಚರೂ ಒಂದೇ ಪೆನ್ನು, ಒಂದೇ ಕೈಬರಹ. ಆಡಿಟರ್ ನೋಡಿದ ತಕ್ಷಣ ಹಿಡಿಯುತ್ತಾರೆ. ಕದ್ದಿಲ್ಲದಿದ್ದರೂ ಕಳ್ಳರ ಹಾಗೆ ಕಾಣುತ್ತಾರೆ ಪಾಪ. ಪಾಠ ಮಾಡುವ ಟೀಚರಮ್ಮನೇ ರಾತ್ರಿ ಕೂತು ವೋಚರ್ ಬರೆಯುವ ಸಂಸ್ಥೆಗಳಲ್ಲಿ ಆಗುವುದು ಇದೇ.

ಸರ್ಕಾರಕ್ಕೆ ಈ ಖರ್ಚು ಗೊತ್ತಿಲ್ಲ ಅಂತಲ್ಲ. ನರೇಗಾದಲ್ಲಿ ಆಡಳಿತ ವೆಚ್ಚಕ್ಕೆ 6% ಇಟ್ಟಿದ್ದರು. ನಮ್ಮ ಬಯಲುಸೀಮೆ ಚೆನ್ನಾಗಿ ಕಂಡಿರುವ ಜಲಾನಯನ ಯೋಜನೆಗಳಿಗೆ 2008ರ ಮಾರ್ಗಸೂಚಿಯಲ್ಲಿ 10% ಇತ್ತು. ಆದರೆ ಅಂಗವಿಕಲರ ಪುನರ್ವಸತಿಗೆ ಕೇಂದ್ರ ಕೊಡುವ ದೀನ್‌ದಯಾಳ್ ಯೋಜನೆಯ ಅನುದಾನ ನೋಡಿ. ಒಪ್ಪಿದ ವೆಚ್ಚದ 90%ವರೆಗೆ ಮಾತ್ರ ಬರುತ್ತದೆ, ಉಳಿದದ್ದನ್ನು ಸಂಸ್ಥೆಯೇ ಹೊಂದಿಸಬೇಕು. ಅಂದರೆ ಕೆಲವೆಡೆ ಆಡಳಿತಕ್ಕೆ ಅಂತ ದುಡ್ಡು ಇಟ್ಟುಕೊಡುತ್ತಾರೆ, ಇನ್ನು ಕೆಲವೆಡೆ ನಿಮ್ಮದನ್ನೂ ಹಾಕಿ ಅನ್ನುತ್ತಾರೆ. ಅಮೆರಿಕದಲ್ಲಿ ಫೆಡರಲ್ ಅನುದಾನಕ್ಕೆ ಇಂಥ ಖರ್ಚಿನ ಸಾಮಾನ್ಯ ದರವನ್ನು 2024ರ ಅಕ್ಟೋಬರ್‌ನಲ್ಲಿ 10%ನಿಂದ 15%ಗೆ ಏರಿಸಿದರು. ನಮ್ಮಲ್ಲಿ ಯೋಜನೆಗೊಂದು ಲೆಕ್ಕ.

ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು ಕೇಳೋಣ ಅಂದರೆ ಅಲ್ಲೊಂದು ತಪ್ಪು ತಿಳಿವಳಿಕೆ. ನರಸಾಪುರ ಆಗಲಿ ವಸಂತನರಸಾಪುರ ಆಗಲಿ, ಕಾರ್ಖಾನೆಯವರ ಹತ್ತಿರ ಹೋದರೆ "ಆಡಳಿತಕ್ಕೆ 5% ಮೇಲೆ ಕೊಡುವ ಹಾಗಿಲ್ಲ, ರೂಲ್ಸ್ ಇದೆ" ಅನ್ನುವವರು ಸಿಗುತ್ತಾರೆ. ಆ 5% ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಕೆಲಸ ಮಾಡುವ ಸಂಸ್ಥೆಯ ಲೆಕ್ಕಿಗರ ಸಂಬಳಕ್ಕಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಆ ಸುತ್ತೋಲೆಯ ಒಂದು ಪ್ರಿಂಟ್ ತೆಗೆದು ನಿಮ್ಮೂರಿನ ಸಂಸ್ಥೆಯವರ ಕೈಗೆ ಕೊಡಿ. ಅದೂ ಒಂದು ಸಹಾಯವೇ.

ಇನ್ನು ನಿಮ್ಮ ದುಡ್ಡಿನ ಮಾತು. ಒಂದು ಸಂಸ್ಥೆಗೆ ಪೂರ್ತಿ ಲೆಕ್ಕಿಗ ಬೇಕಾಗಿಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಸುತ್ತಮುತ್ತ ಇಂಥದ್ದೇ ನಾಲ್ಕೈದು ಸಂಸ್ಥೆಗಳು ಇದ್ದೇ ಇರುತ್ತವೆ. ಟ್ಯಾಲಿ ಗೊತ್ತಿರುವ ಬಿಕಾಂ ಓದಿದ ಒಬ್ಬರನ್ನು ಎಲ್ಲರೂ ಸೇರಿ ಇಟ್ಟುಕೊಳ್ಳಲಿ. ವಾರಕ್ಕೊಂದು ದಿನ ಒಂದೊಂದು ಕಡೆ. ತಿಂಗಳಿಗೆ 15 ಸಾವಿರ ಸಂಬಳ ಅಂತ ಇಟ್ಟುಕೊಂಡರೆ, ಐದು ಸಂಸ್ಥೆಗೆ ತಲಾ 3 ಸಾವಿರ. ನೀವು ನಾಲ್ಕು ಜನ ಗೆಳೆಯರು ಸೇರಿದರೆ ಒಂದು ಸಂಸ್ಥೆಯ ಪಾಲು ತಲೆಗೆ 750 ರೂಪಾಯಿ. ಜೊತೆಗೆ ಆಡಿಟರ್ ಫೀಸು, ಜೆರಾಕ್ಸ್, ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಗೆ ಓಡಾಡುವ ಬಸ್ ಚಾರ್ಜು. ಒಂದು ವರ್ಷ ಕೊಟ್ಟು ನಿಲ್ಲಿಸಬೇಡಿ, ಮೂರು ವರ್ಷದ ಮಾತು ಕೊಡಿ. ಒಂದೇ ವರ್ಷದ ಕೆಲಸ ಅಂದರೆ ಒಳ್ಳೆಯವರು ಬರುವುದಿಲ್ಲ, ಬಂದವರೂ ಬೆಂಗಳೂರಿಗೆ ಹೋಗಿಬಿಡುತ್ತಾರೆ.

ಇದಕ್ಕಿಂತ ದೊಡ್ಡ ತಲೆನೋವು ಕಂತು ತಡವಾಗುವುದು. ಶಾಲೆ ಜೂನ್‌ನಲ್ಲಿ ಶುರು, ಹಣ ಬರುವುದು ಯಾವಾಗಲೋ. ಅಲ್ಲಿಯವರೆಗೆ ಟೀಚರುಗಳ ಗೌರವಧನ? ಕಾರ್ಯದರ್ಶಿಯ ಹೆಂಡತಿಯ ಬಳೆ ಗಿರವಿ ಅಂಗಡಿಗೆ ಹೋಗಿರುವುದನ್ನು ನಾನೇ ನೋಡಿದ್ದೇನೆ. ನಿಮ್ಮ ಕೈಲಾದರೆ ಬಡ್ಡಿಯಿಲ್ಲದ ಕೈಸಾಲ ಕೊಡಿ, ಕಂತು ಬಂದ ಮೇಲೆ ವಾಪಸ್ ಪಡೆಯಿರಿ. ಬ್ಯಾಂಕ್ ಮೂಲಕವೇ ಕೊಡಿ. 20 ಸಾವಿರ ಮತ್ತು ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ಪಡೆಯುವುದು ತೆರಿಗೆ ಕಾನೂನಿಗೆ ವಿರುದ್ಧ. ಸಮಿತಿಯ ನಡವಳಿಯಲ್ಲಿ ಸಾಲ ಅಂತ ಬರೆಸಿ. ಮಂಜೂರಾತಿ ಆದೇಶದಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಇದೆ ಅನ್ನುವುದನ್ನು ಮೊದಲು ಓದಿ. ಆ ಅವಧಿಯ ಆಚೆ ಕೊಟ್ಟ ಗೌರವಧನ ಅನುದಾನದಿಂದ ವಾಪಸ್ ಬರುವುದಿಲ್ಲ.

ಕೊಡುವ ಮುಂಚೆ ಸಂಸ್ಥೆಯನ್ನು ಎರಡು ಕಾಗದ ಕೇಳಿ: ಹೋದ ವರ್ಷದ ಆಡಿಟ್ ವರದಿ, ಕೊನೆಯ ಯುಸಿಯ ಪ್ರತಿ. ಸುಮ್ನೆ ಕೇಳಿ, ಪೊಲೀಸರ ಹಾಗೆ ಬೇಡ. ತೋರಿಸಲು ಹಿಂದೆಮುಂದೆ ನೋಡಿದರೆ ಆ ಗೊಂದಲ ಬಿಡಿಸಲು ಲೆಕ್ಕಿಗರನ್ನು ಕಳಿಸುತ್ತೇವೆ ಅನ್ನಿ. ಅದಕ್ಕೂ ಒಪ್ಪದಿದ್ದರೆ ದೂರ ಇರಿ.

ತೆರಿಗೆ ವಿನಾಯಿತಿ ಬೇಕಿದ್ದರೆ ಸಂಸ್ಥೆಗೆ 80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ವಿನಾಯಿತಿ ಸಿಗುವ ಮಾನ್ಯತೆ, ಇದೆಯಾ ನೋಡಿಕೊಳ್ಳಿ. 2 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿದ್ದರೂ ಇಲ್ಲ. ನಿಮ್ಮ ಗೆಳೆಯರಲ್ಲಿ ಯಾರಾದರೂ ಅಮೆರಿಕದಲ್ಲಿದ್ದರೆ ಭಾರತದ ಪಾಸ್‌ಪೋರ್ಟ್ ಇನ್ನೂ ಇದೆಯಾ ಕೇಳಿ. ಇದ್ದರೆ ಅವರ ಸ್ವಂತ ಉಳಿತಾಯದ ಹಣ ಪಡೆಯಲು ಅಡ್ಡಿಯಿಲ್ಲ. ಅಲ್ಲಿನ ಪೌರತ್ವ ಪಡೆದು ಓಸಿಐ ಕಾರ್ಡಿನಲ್ಲಿದ್ದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಪಡೆಯಲು ಕೇಂದ್ರ ಸರ್ಕಾರದ ಅನುಮತಿ, ಇಲ್ಲದ ಸಂಸ್ಥೆ ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟುವ ಹಾಗಿಲ್ಲ.