ನೀವು ಕೇಳಿ, ರೈಟರ್ ಮೇಡಂ ಹೇಳ್ತಾರೆ: ಹಲಸೂರು ಗೇಟ್‌ನಲ್ಲಿ ಗೇಟ್ ಎಲ್ಲಿದೆ?

(ಬೆಂಗಳೂರಿನ ಠಾಣೆಗಳಲ್ಲಿ 31 ವರ್ಷ ಕೆಲಸ ಮಾಡಿ, ಎಎಸ್‌ಐ ಆಗಿ ನಿವೃತ್ತರಾದ, ಠಾಣೆಯ ದೂರು-ದಾಖಲೆ ಬರೆಯುತ್ತಿದ್ದ ಸ್ಟೇಷನ್ ರೈಟರ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಅವೆನ್ಯೂ ರಸ್ತೆಯಲ್ಲಿ ಮಗಳಿಗೆ ಪುಸ್ತಕ ಕೊಳ್ಳುವಾಗ ಪರ್ಸ್ ಕಳುವಾಯಿತು. ಹಲಸೂರು ಗೇಟ್ ಠಾಣೆಗೆ ಹೋಗಿ ಅಂದರು. ಗಾಬರಿಯಲ್ಲಿ ಆಟೋದವರಿಗೆ ‘ಹಲಸೂರು ಸ್ಟೇಷನ್’ ಅಂದುಬಿಟ್ಟೆ. ಹೋಗಿ ಇಳಿದಿದ್ದು ಹಲಸೂರಿನಲ್ಲಿ! ವಾಪಸ್ ಬಂದು ನೋಡಿದರೆ ಇಲ್ಲಿ ಗೇಟೂ ಇಲ್ಲ, ಹಲಸೂರೂ ಇಲ್ಲ. ಯಾಕೆ ಈ ಹೆಸರು?
– ಓದುಗರು, ಶ್ರೀನಗರ

ಉತ್ತರ: ನಿಮ್ಮ ಹಾಗೆ ದಾರಿ ತಪ್ಪಿದವರನ್ನು ನಾನು ತುಂಬಾ ಜನ ನೋಡಿದ್ದೇನೆ. ಎರಡೂ ಠಾಣೆಗಳ ಮಧ್ಯೆ ನಾಲ್ಕೈದು ಕಿಲೋಮೀಟರ್ ಇದೆ. ಆದರೆ ಆ ಹೆಸರು ತಪ್ಪಲ್ಲ. ಅಲ್ಲಿ ನಿಜವಾಗಿಯೂ ಒಂದು ಗೇಟ್ ಇತ್ತು.

ಕೆಂಪೇಗೌಡರು ಕಟ್ಟಿದ ಪೇಟೆಗೆ ಸುತ್ತ ಕೋಟೆ, ಕಂದಕ, ಬಾಗಿಲುಗಳು ಇದ್ದವು. ಯಲಹಂಕದ ಕಡೆಗೆ ಯಲಹಂಕ ಬಾಗಿಲು. ಪೂರ್ವಕ್ಕೆ ಹಲಸೂರಿನ ದಾರಿ ಹಿಡಿಯುವವರಿಗೆ ಹಲಸೂರು ಬಾಗಿಲು. 1791ರ ಮಾರ್ಚ್‌ನಲ್ಲಿ ಇಂಗ್ಲಿಷರು ಟಿಪ್ಪುವಿನ ಸೈನ್ಯದ ಮೇಲೆ ಬಿದ್ದು ಪೇಟೆ ಹಿಡಿದಾಗ ದೊಡ್ಡ ಕಾದಾಟ ನಡೆದದ್ದು ಇದೇ ಬಾಗಿಲಲ್ಲಿ. ಅವರ ಕಡೆಯ ಮೂರ್‌ಹೌಸ್ ಎಂಬ ಅಧಿಕಾರಿ ಸತ್ತದ್ದೂ ಅಲ್ಲೇ. ಆಮೇಲೆ ಕೋಟೆ ಹೋಯಿತು, ಬಾಗಿಲೂ ಹೋಯಿತು. ಹೆಸರು ಮಾತ್ರ ಠಾಣೆಯ ಬೋರ್ಡಿನ ಮೇಲೆ ಉಳಿದಿದೆ. ಆ ಬೋರ್ಡು ಕಂಡಾಗಲೆಲ್ಲ ನನಗೆ ಒಂಥರಾ ಖುಷಿ.

ಇನ್ನು ನೀವು ಹೋಗಿ ಇಳಿದ ಹಲಸೂರು. ಒಂದು ಕಾಲಕ್ಕೆ ಅದು ಬೇರೆಯದೇ ಆಡಳಿತ. 1809ರಲ್ಲಿ ಇಂಗ್ಲಿಷರು ತಮ್ಮ ಸೈನ್ಯ ತಂದು ಇಳಿಸಿದ ಜಾಗವೇ ದಂಡು, ಹಲಸೂರು ಇದ್ದದ್ದು ಆ ಕಡೆಗೇ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟರು, ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆ ಮಹಾರಾಜರದ್ದು, ದಂಡು ಇಂಗ್ಲಿಷರ ಪ್ರತಿನಿಧಿಯಾದ ರೆಸಿಡೆಂಟರದ್ದು, ನಡುವೆ ಕಬ್ಬನ್ ಪಾರ್ಕ್. ಒಂದೇ ಊರಿಗೆ ಎರಡು ಸರ್ಕಾರ, ಎರಡು ಪೊಲೀಸ್. ಪೇಟೆಯಲ್ಲಿ ಕದ್ದವನು ಪಾರ್ಕ್ ದಾಟಿದರೆ ಇನ್ನೊಬ್ಬರ ಸೀಮೆಗೆ ಹೋದ ಹಾಗೆ. 1947ರಲ್ಲಿ ದಂಡು ಮೈಸೂರಿಗೆ ವಾಪಸ್ ಬಂತು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು.

ಮುಂದಿನ ಸಲ ಆಟೋದಲ್ಲಿ ‘ಕಾರ್ಪೊರೇಷನ್ ಹತ್ತಿರ’ ಅನ್ನಿ, ಸಾಕು.

ಪ್ರಶ್ನೆ: ಊರಲ್ಲಿ ದೊಡ್ಡ ಪೊಲೀಸ್ ಅಂದರೆ ಎಸ್‌ಪಿ ಸಾಹೇಬರು. ಬೆಂಗಳೂರಿನಲ್ಲಿ ಕಮಿಷನರ್, ಡಿಸಿಪಿ, ಎಸಿಪಿ ಅಂತಾರೆ. ಇಲ್ಲಿ ಎಸ್‌ಪಿ ಯಾರು?
– ವಿದ್ಯಾರ್ಥಿ, ಶಿರಾ (ಈಗ ವಿಜಯನಗರ)

ಉತ್ತರ: 1963ರಲ್ಲಿ ಬೆಂಗಳೂರಿಗೆ ಕಮಿಷನರೇಟ್ ಬಂತು. ಮೊದಲ ಕಮಿಷನರ್ ಸಿ. ಚಾಂಡಿ. ಹೆಸರು ಬದಲಾದದ್ದಷ್ಟೇ ಅಲ್ಲ, ಅಧಿಕಾರವೂ ಬದಲಾಯಿತು. ನಿಮ್ಮ ತುಮಕೂರು ಜಿಲ್ಲೆಯಲ್ಲಿ ಗಲಾಟೆ ಆಗುತ್ತದೆ ಅನ್ನಿಸಿದರೆ ನಿಷೇಧಾಜ್ಞೆ ಹೊರಡಿಸುವುದು ಜಿಲ್ಲಾಧಿಕಾರಿ. ಎಸ್‌ಪಿ ವರದಿ ಕೊಡಬೇಕು, ಡಿಸಿ ಸಹಿ ಹಾಕಬೇಕು. ಬೆಂಗಳೂರಿನಲ್ಲಿ ಆ ಸಹಿ ಕಮಿಷನರದ್ದೇ. ರೌಡಿಯೊಬ್ಬನನ್ನು ಗಡಿಪಾರು ಮಾಡುವ ಅಧಿಕಾರವೂ ಪೊಲೀಸರ ಕೈಯಲ್ಲೇ. ಇಷ್ಟು ದೊಡ್ಡ ಊರಲ್ಲಿ ಫೈಲು ಕಚೇರಿಯಿಂದ ಕಚೇರಿಗೆ ಓಡಾಡುತ್ತಾ ಕೂತರೆ ಆಗುವುದಿಲ್ಲ, ಅಲ್ವಾ? ಹಾಗಾಗಿಯೇ ಅಧಿಕಾರ ಜಾಸ್ತಿ. ಅದಕ್ಕೇ ಈ ಅಧಿಕಾರವನ್ನು ನೋಡಿಕೊಂಡು ಬಳಸಬೇಕು ಅಂತ ನಾನು ಯಾವಾಗಲೂ ಹೇಳುತ್ತೇನೆ. ಗಡಿಪಾರಿನ ಕಾಗದದ ಹಿಂದೆ ಒಂದು ಮನೆ ಇರುತ್ತದೆ.

ನಿಮ್ಮ ಎಸ್‌ಪಿಗೆ ಸಮನಾದವರು ಇಲ್ಲಿ ಡಿಸಿಪಿ. ಊರನ್ನು ಪೂರ್ವ, ಪಶ್ಚಿಮ, ಕೇಂದ್ರ, ವೈಟ್‌ಫೀಲ್ಡ್ ಅಂತೆಲ್ಲಾ ವಿಭಾಗ ಮಾಡಿ, ಒಂದೊಂದಕ್ಕೆ ಒಬ್ಬ ಡಿಸಿಪಿ. ಅವರ ಕೆಳಗೆ ಎಸಿಪಿಗಳು, ಅಂದರೆ ನಿಮ್ಮ ಡಿವೈಎಸ್‌ಪಿ. ಠಾಣೆಗೆ ಇನ್‌ಸ್ಪೆಕ್ಟರ್. ಭುಜ ನೋಡಿದರೆ ಗೊತ್ತಾಗುತ್ತದೆ. ಎಎಸ್‌ಐಗೆ ಒಂದು ನಕ್ಷತ್ರ, ಪಿಎಸ್‌ಐಗೆ ಎರಡು, ಇನ್‌ಸ್ಪೆಕ್ಟರ್‌ಗೆ ಮೂರು, ಜೊತೆಗೆ ಕೆಂಪು-ನೀಲಿ ಪಟ್ಟಿ. ಎಸಿಪಿಗೂ ಮೂರೇ ನಕ್ಷತ್ರ, ಆದರೆ ಆ ಪಟ್ಟಿ ಇರುವುದಿಲ್ಲ. ಡಿಸಿಪಿಗೆ ಅಶೋಕ ಲಾಂಛನ ಬರುತ್ತದೆ. ನನ್ನ ಭುಜಕ್ಕೆ ಆ ಒಂದು ನಕ್ಷತ್ರ ಬಂದ ದಿನ ನಮ್ಮಮ್ಮ ಅದನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದರು.

ಇದರ ಪಕ್ಕದಲ್ಲೇ ಬೇರೆ ಸಾಲುಗಳಿವೆ. ಆಕ್ಸಿಡೆಂಟ್ ಆದರೆ ಟ್ರಾಫಿಕ್ ಠಾಣೆ. ಅದರ ಸರಹದ್ದೇ ಬೇರೆ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ಸೆನ್ ಠಾಣೆ, ಅಂದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಠಾಣೆ. ದೊಡ್ಡ ಜಾಲದ ಕೇಸುಗಳು ಸಿಸಿಬಿಗೆ, ಅಂದರೆ ಕೇಂದ್ರ ಅಪರಾಧ ವಿಭಾಗಕ್ಕೆ. ಬಂದೋಬಸ್ತ್, ಕೈದಿಗಳನ್ನು ಕೋರ್ಟ್‌ಗೆ ಕರೆದೊಯ್ಯುವುದು ಸಿಎಆರ್‌ನವರ, ಅಂದರೆ ನಗರ ಸಶಸ್ತ್ರ ಮೀಸಲು ಪಡೆಯವರ ಕೆಲಸ.

ಪ್ರಶ್ನೆ: ಕಮಿಷನರ್ ಆಫೀಸು ನೃಪತುಂಗ ರಸ್ತೆಯಲ್ಲಿದೆಯಾ?
– ಓದುಗರು, ಯಶವಂತಪುರ

ಉತ್ತರ: ಇಲ್ಲ. ನೃಪತುಂಗ ರಸ್ತೆಯದು ಇಡೀ ರಾಜ್ಯದ ಪೊಲೀಸ್ ಮುಖ್ಯ ಕಚೇರಿ. ಬೆಂಗಳೂರು ನಗರದ ಕಮಿಷನರ್ ಕೂರುವುದು ಇನ್‌ಫೆಂಟ್ರಿ ರಸ್ತೆಯಲ್ಲಿ.

ಪ್ರಶ್ನೆ: ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಿದ್ದ ಬೈಕ್ ಕಳುವಾಗಿ 12 ದಿನ ಆಯಿತು. ಒಂದು ಠಾಣೆಯವರು ‘ರಸ್ತೆಯ ಆ ಬದಿ ನಮ್ಮದಲ್ಲ’ ಅಂತಾರೆ. ಇನ್ನೊಂದರವರೂ ಅದನ್ನೇ ಹೇಳುತ್ತಾರೆ. ಇನ್ಶೂರೆನ್ಸ್‌ನವರು ಎಫ್‌ಐಆರ್ ಕೇಳುತ್ತಿದ್ದಾರೆ.
– ಓದುಗರು, ಬೆಂಗಳೂರು (ಹೆಸರು, ಬಡಾವಣೆ ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಕಾಗದ ಓದಿ ನನಗೆ ಒಬ್ಬ ಸೊಪ್ಪಿನ ಅಜ್ಜಿ ನೆನಪಾದರು. ಆಗ ನಾನು ರೈಟರ್ ಆಗಿ ವರ್ಷವೂ ಆಗಿರಲಿಲ್ಲ. ಬೆಳಗಿನ ಜಾವ ಮಾರ್ಕೆಟ್‌ಗೆ ಹೊರಟಿದ್ದ ಅಜ್ಜಿಯ ಸೊಂಟದ ಸಂಚಿಯನ್ನೇ ಒಬ್ಬ ಕಿತ್ತುಕೊಂಡು ಓಡಿದ್ದ. ರಸ್ತೆಯ ಡಿವೈಡರ್ ಎರಡು ಠಾಣೆಗಳ ಗಡಿ. ‘ಆ ಕಡೆ ಹೋಗಿ ಅಜ್ಜಿ’ ಅಂತ ಕಳಿಸಿದವಳು ನಾನೇ. ಅವರು ವಾಪಸ್ ಕಳಿಸಿದರು. ಮೂರನೇ ಸಲ ಅಜ್ಜಿ ಬಂದಾಗ ಕೈಯಲ್ಲಿ ಇನ್ನೂ ದಂಟಿನ ಸೊಪ್ಪಿನ ಕಂತೆ, ನೀರು ಸೋರುತ್ತಿತ್ತು. ‘ಕಳ್ಳ ರಸ್ತೆ ದಾಟ್ಕೊಂಡು ಹೋದ ಕಣವ್ವ. ಅವನ್ನ ಯಾರಾದ್ರೂ ತಡೆದು ಯಾವ ಸ್ಟೇಷನ್ನೋರು ಅಂತ ಕೇಳಿದ್ರಾ?’ ಅಂದರು. ನಾಚಿಕೆಯಾಯಿತು. ಕೂರಿಸಿ, ಕಾರ್ಬನ್ ಹಾಳೆ ಇಟ್ಟು ಬರೆದುಕೊಂಡೆ, ಓದಿ ಹೇಳಿದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ. ಬರೆಯುವುದಕ್ಕೆ ಅರ್ಧ ಗಂಟೆಯೂ ಆಗಲಿಲ್ಲ. ಅವರನ್ನು ಅಲೆಸಿದ್ದು ಇಡೀ ಬೆಳಗ್ಗೆ.

ಗಡಿ ಯಾರದ್ದು ಅನ್ನುವುದು ಪೊಲೀಸರ ಲೆಕ್ಕ, ನಿಮ್ಮದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದನ್ನೇ ಹೇಳುತ್ತದೆ. ಇಂಥ ಅಪರಾಧ ಎಲ್ಲೇ ನಡೆದಿರಲಿ, ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ಸರಹದ್ದು ತಮ್ಮದಲ್ಲದಿದ್ದರೆ ಸೊನ್ನೆ ನಂಬರ್ ಹಾಕಿ ಎಫ್‌ಐಆರ್ ಮಾಡಿ, ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸಬೇಕು. ಇದನ್ನೇ ಝೀರೋ ಎಫ್‌ಐಆರ್ ಅನ್ನುವುದು. ಅದರ ಪ್ರತಿಗೆ ಒಂದು ಪೈಸೆ ಕೊಡಬೇಕಿಲ್ಲ. ಬರೀ ಹಿಂಬರಹ, ಅಂದರೆ ಅರ್ಜಿ ಬಂದಿದೆ ಅಂತ ಬರೆದುಕೊಡುವ ಚೀಟಿ ಕೊಟ್ಟು ಕಳಿಸಿದರೆ ಒಪ್ಪಬೇಡಿ. ಹಿಂಬರಹ ಎಫ್‌ಐಆರ್ ಅಲ್ಲ.

ನಾಳೆಯೇ ಎರಡರಲ್ಲಿ ಹತ್ತಿರದ ಠಾಣೆಗೆ ಹೋಗಿ. ಆರ್‌ಸಿ, ಇನ್ಶೂರೆನ್ಸ್ ಕಾಗದ, ಎರಡನೇ ಕೀ ಜೊತೆಗಿರಲಿ. ದೂರನ್ನು ಮನೆಯಲ್ಲೇ ಕನ್ನಡದಲ್ಲಿ ಬರೆದುಕೊಂಡು ಹೋಗಿ. ಗಾಡಿ ನಂಬರ್, ಬಣ್ಣ, ಎಂಜಿನ್ ನಂಬರ್, ಷಾಸಿ ನಂಬರ್, ಕೊನೆಯ ಸಲ ನೋಡಿದ ಹೊತ್ತು ಬರೆಯಿರಿ. ಪಕ್ಕದ ಅಂಗಡಿಯಲ್ಲಿ ಸಿಸಿ ಕ್ಯಾಮೆರಾ ಇದ್ದರೆ ಅದನ್ನೂ ಬರೆಯಿರಿ, ಅದರ ರೆಕಾರ್ಡಿಂಗ್ ಅಳಿಸಿ ಹೋಗುವ ಮೊದಲು ಅಂಗಡಿಯವರಿಗೂ ಒಂದು ಮಾತು ಹೇಳಿ. ಆಗಲೂ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ನಿಮ್ಮ ವಿಭಾಗದ ಡಿಸಿಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.

12 ದಿನ ಆಯಿತಲ್ಲ ಅಂತ ಹಿಂಜರಿಯಬೇಡಿ. ತಡ ಯಾಕಾಯಿತು ಅನ್ನುವುದನ್ನೂ ದೂರಿನಲ್ಲೇ ಬರೆಯಿರಿ. ಯಾವ ತಾರೀಖು, ಎಷ್ಟು ಗಂಟೆಗೆ, ಯಾವ ಠಾಣೆಗೆ ಹೋದಿರಿ, ಅವರು ಏನು ಹೇಳಿ ಕಳಿಸಿದರು, ಎಲ್ಲಾ ಇರಲಿ. ಎಫ್‌ಐಆರ್ ಕೈಗೆ ಬಂದ ದಿನ ನನಗೂ ಒಂದು ಕಾಗದ ಹಾಕಿ.