ಇದು ಸರ್ಪಸುತ್ತಲ್ಲ

ಗೌರಿಬಿದನೂರು ತಾಲ್ಲೂಕಿನ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಹೀಗೆ ಬರೆದಿದ್ದಾರೆ: “ನಾನೀಗ 33 ವಾರದ ಗರ್ಭಿಣಿ. ಮೂರು ವರ್ಷದ ಹಿಂದೆ ಗುಪ್ತಾಂಗದಲ್ಲಿ ನೀರುಗುಳ್ಳೆ ಎದ್ದಾಗ ಡಾಕ್ಟರು ಹರ್ಪಿಸ್ ಅಂದಿದ್ದರು. ಐದನೇ ತಿಂಗಳಲ್ಲಿ ಮತ್ತೆ ಬಂದು ಹೋಯಿತು. ಟಾರ್ಚ್ ಪರೀಕ್ಷೆಯಲ್ಲಿ (ಗರ್ಭಿಣಿಯರ ಸೋಂಕು ನೋಡುವ ರಕ್ತಪರೀಕ್ಷೆ) ಐಜಿಜಿ, ಐಜಿಎಂ ಎರಡೂ ಪಾಸಿಟಿವ್. ಅತ್ತೆ ಇದು ಸರ್ಪಸುತ್ತು, ವಿದುರಾಶ್ವತ್ಥದ ನಾಗರಕಲ್ಲಿಗೆ ಹೋಗಿ ಬಾ ಅಂತಾರೆ. ಮಗುವಿಗೆ ಏನಾಗುತ್ತದೆ? ಸಿಸೇರಿಯನ್ನೇ ಆಗಬೇಕಾ?”

ವಿದುರಾಶ್ವತ್ಥಕ್ಕೆ ಧಾರಾಳವಾಗಿ ಹೋಗಿ ಬನ್ನಿ. ಆದರೆ ಇದು ಸರ್ಪಸುತ್ತಲ್ಲ. ಸರ್ಪಸುತ್ತು ಚಿಕನ್‌ಪಾಕ್ಸ್ ವೈರಸ್ಸಿನದು, ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ಏಳುತ್ತದೆ. ನಿಮ್ಮದು ಬೇರೆ ವೈರಸ್. ಡಾಕ್ಟರರ ಭಾಷೆಯಲ್ಲಿ ಅದು ಹರ್ಪಿಸ್ ಜೋಸ್ಟರ್, ನಿಮ್ಮದು ಹರ್ಪಿಸ್ ಸಿಂಪ್ಲೆಕ್ಸ್; ಹೆಸರುಗಳು ಹತ್ತಿರವಾದ್ದರಿಂದ ಗೊಂದಲ. ಗುಳ್ಳೆಯ ಮೇಲೆ ಕೆಮ್ಮಣ್ಣು ಮಾತ್ರ ಬಳಿಯಬೇಡಿ, ಕೀವಾದೀತು.

ಮಗುವಿಗೆ ಅಪಾಯ ಎಷ್ಟು ಎನ್ನುವುದು ಸೋಂಕು ಮೊದಲು ತಗುಲಿದ್ದು ಯಾವಾಗ ಎಂಬುದರ ಮೇಲೆ ನಿಂತಿದೆ. ಕೊನೆಯ ಮೂರು ತಿಂಗಳಲ್ಲಿ ಹೊಸದಾಗಿ ತಗುಲಿದ್ದರೆ, ಹೆರಿಗೆಯಲ್ಲಿ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 30ರಿಂದ 50. ತಾಯಿಯ ಮೈಯಲ್ಲಿ ಪ್ರತಿಕಾಯ (ವೈರಸ್ಸನ್ನು ಎದುರಿಸುವ ಅಂಶ) ತಯಾರಾಗಿ ಮಾಸಿನ (ಪ್ಲಾಸೆಂಟಾ) ಮೂಲಕ ಮಗುವಿಗೆ ಸೇರಲು ವಾರಗಟ್ಟಲೆ ಬೇಕು, ಅಷ್ಟು ಸಮಯ ಸಿಗುವುದಿಲ್ಲ. ನಿಮ್ಮದು ಹಳೆಯ ಸೋಂಕು. ಪ್ರತಿಕಾಯ ಈಗಾಗಲೇ ಮಗುವಿಗೆ ಹೋಗುತ್ತಿದೆ. ಹೆರಿಗೆ ಹೊತ್ತಿಗೆ ಗುಳ್ಳೆ ಮರುಕಳಿಸಿದ್ದರೂ ದಾಟುವುದು ನೂರಕ್ಕೆ ಮೂರಕ್ಕಿಂತ ಹೆಚ್ಚಲ್ಲ. ಗರ್ಭದಲ್ಲಿರುವಾಗಲೇ ತಗುಲುವುದು ಬಹಳ ಅಪರೂಪ.

ಐಜಿಜಿ, ಐಜಿಎಂ ಎರಡು ಬಗೆಯ ಪ್ರತಿಕಾಯ; ಐಜಿಎಂ ಇದ್ದರೆ ಸೋಂಕು ಹೊಸದು ಎಂದುಕೊಳ್ಳುವವರುಂಟು. ಟಾರ್ಚ್ ಚೀಟಿಯ ಐಜಿಎಂ ನೋಡಿ ಹೆದರಬೇಡಿ. ಹಳೆಯ ಸೋಂಕು ಮರುಕಳಿಸಿದಾಗಲೂ ಅದು ಪಾಸಿಟಿವ್ ಬರುತ್ತದೆ, ಸುಮ್ಮನೆ ತಪ್ಪಾಗಿಯೂ ಬರುತ್ತದೆ. ಹರ್ಪಿಸ್ ವಿಷಯದಲ್ಲಿ ಅದಕ್ಕೆ ದುಡ್ಡು ಸುರಿಯುವುದು ದಂಡ ಎಂದೇ ನಮ್ಮ ಅಭಿಪ್ರಾಯ. ಖಚಿತವಾಗಬೇಕಾದರೆ ಹೊಸ ಗುಳ್ಳೆ ಒಣಗುವ ಮೊದಲೇ ಅದರ ಬುಡದಿಂದ ಸ್ವಾಬ್ ತೆಗೆಸಿ, ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು.

ಇನ್ನು, ಹೆರಿಗೆ ಹೊತ್ತಿಗೆ ಗುಳ್ಳೆ ಏಳದಿರಲು ಮಾತ್ರೆ. 36ನೇ ವಾರದಿಂದ ಹೆರಿಗೆಯವರೆಗೆ ಅಸೈಕ್ಲೋವಿರ್ 400 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಡಾಕ್ಟರ ಚೀಟಿಯ ಮೇಲೆ. ಈ ಔಷಧಿ ಮೈಯಲ್ಲಿ ಕೆಲವೇ ಗಂಟೆ ನಿಲ್ಲುತ್ತದೆ, ಅದಕ್ಕೇ ಮೂರು ಹೊತ್ತು. ಗುಳ್ಳೆಯಿಲ್ಲವೆಂದು ನಡುವೆ ಬಿಟ್ಟರೆ ಉಪಯೋಗವಿಲ್ಲ. ಕಿಡ್ನಿ ತೊಂದರೆಯಿದ್ದರೆ ಮೊದಲೇ ಹೇಳಿ. ಮುಲಾಮು ಇದರ ಬದಲಿಗೆ ಆಗುವುದಿಲ್ಲ. ಲೈಂಗಿಕ ಸೋಂಕುಗಳಿಗೆಂದೇ ಇರುವ ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಉಚಿತವಾಗಿ ಕೊಡುವ ಕೆಂಪು ಕಿಟ್ಟಿನಲ್ಲಿರುವುದೂ ಇದೇ ಮಾತ್ರೆ, ಆದರೆ ಎದ್ದ ಗುಳ್ಳೆಗೆ ಏಳು ದಿನದ ಲೆಕ್ಕದಲ್ಲಿ. ಹೆರಿಗೆವರೆಗಿನದನ್ನು ಬೇರೆಯಾಗಿ ಬರೆಸಿಕೊಳ್ಳಬೇಕು.

ಸಿಸೇರಿಯನ್ ಕಡ್ಡಾಯವಲ್ಲ. ನೋವು ಶುರುವಾದಾಗ ಗುಪ್ತಾಂಗದಲ್ಲಿ ಹುಣ್ಣಿದ್ದರೆ, ಅಥವಾ ಗುಳ್ಳೆ ಏಳುವ ಮುನ್ನಿನ ಆ ಚುರುಚುರು ಉರಿ ಇದ್ದರೆ, ಆಗ ಬೇಕು. ತೊಡೆಯ ಮೇಲೆ ಮಾತ್ರ ಇದ್ದರೆ ಬ್ಯಾಂಡೇಜು ಮುಚ್ಚಿ ಸಹಜ ಹೆರಿಗೆಯೇ ಮಾಡಿಸುತ್ತಾರೆ. ನೀರು ಒಡೆದರೆ ನೋವು ಬರಲಿ ಎಂದು ಮನೆಯಲ್ಲಿ ಕಾಯಬೇಡಿ. ಹೋದ ಕೂಡಲೇ ಲೇಬರ್ ವಾರ್ಡಿನ ಡಾಕ್ಟರಿಗೆ ಹರ್ಪಿಸ್ ಇದೆಯೆಂದು ಹೇಳಿ: ಚೆನ್ನಾಗಿ ಬೆಳಕಿಟ್ಟು ನೋಡುತ್ತಾರೆ, ಮಗುವಿನ ನೆತ್ತಿ ಗೀರುವ ವ್ಯಾಕ್ಯೂಮ್, ಫೋರ್ಸೆಪ್ಸ್‌ಗಳನ್ನು ಆದಷ್ಟೂ ಬಳಸುವುದಿಲ್ಲ. ತಾಯಿ ಕಾರ್ಡನ್ನು ಮನೆಮಂದಿಯೆಲ್ಲ ತಿರುವಿಹಾಕುತ್ತಾರೆ ಎಂಬ ಅಳುಕಿದ್ದರೆ ಬೇರೆ ಚೀಟಿಯಲ್ಲಿ ಬರೆಸಿ ಚೀಲದಲ್ಲಿಟ್ಟುಕೊಳ್ಳಿ.

ಹುಟ್ಟಿದ ಮೇಲೆ ಆರು ವಾರ ಎಚ್ಚರವಿರಲಿ. ಹಾಲು ಕುಡಿಯದಿರುವುದು, ಮಂಕು, ಜ್ವರ ಅಥವಾ ಮೈ ತಣ್ಣಗಾಗುವುದು, ಫಿಟ್ಸ್, ಗುಳ್ಳೆ. ಎಷ್ಟೋ ಮಕ್ಕಳಲ್ಲಿ ಗುಳ್ಳೆಯೇ ಕಾಣುವುದಿಲ್ಲ. ಬಾಲಗ್ರಹವೆಂದು ತಾಯಿತ ಕಟ್ಟಿ ಕಾದರೆ ಮಿದುಳಿಗೆ ಪೆಟ್ಟು. ಅನುಮಾನ ಬಂದ ತಕ್ಷಣ, ವರದಿಗೆ ಕಾಯದೆ, ಅಸೈಕ್ಲೋವಿರ್ ಇಂಜೆಕ್ಷನ್ ಶುರುವಾಗಬೇಕು. ಅದನ್ನು 14 ಇಲ್ಲವೇ 21 ದಿನ ರಕ್ತನಾಳಕ್ಕೇ ಕೊಡುತ್ತಾರೆ. ಮೊಲೆಯ ಮೇಲೆ ಹುಣ್ಣಿಲ್ಲದಿದ್ದರೆ ಹಾಲೂಡಿಸಿ. ತುಟಿಯಲ್ಲಿ ಗುಳ್ಳೆಯಿರುವ ಯಾರೂ, ಅಜ್ಜಿಯೇ ಆಗಲಿ, ಮಗುವಿಗೆ ಮುತ್ತಿಡಬಾರದು.

‘ಇದನ್ನು ತಂದವರು ಯಾರು’ ಎಂಬ ಜಗಳಕ್ಕೆ ಇಳಿಯಬೇಡಿ. ವೈರಸ್ ನರದಲ್ಲಿ ವರ್ಷಗಟ್ಟಲೆ ಮಲಗಿರಬಲ್ಲದು, ತುಟಿಯ ಗುಳ್ಳೆಯಿಂದಲೂ ಬರಬಲ್ಲದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. 36ನೇ ವಾರದೊಳಗೆ ಆ ದಿನ ಬಂದರೆ ಯಜಮಾನರನ್ನೂ ಕರೆದುಕೊಂಡು ಹೋಗಿ, ಬರದಿದ್ದರೆ ಅದಕ್ಕಾಗಿ ಕಾಯದೆ ಈ ವಾರವೇ ಹೋಗಿ ಮಾತ್ರೆ ಬರೆಸಿಕೊಳ್ಳಿ.

— ಸಂ.